ಸೆರೆಮನೆಯೊಳಗಿನ ಧಾರ್ಮಿಕ ಸಮುದಾಯ: ಯಾರನ್ನು ಎಣಿಸಬೇಕು?

ಬಿಡುಗಡೆಯಾದ ಕೈದಿಗಳಲ್ಲಿ ಎಷ್ಟು ಮಂದಿ ಮತ್ತೆ ಜೈಲು ಸೇರಿದರು ಎಂಬುದೇ ಸುಧಾರಣಾ ಕಾರ್ಯಕ್ರಮಗಳನ್ನು ಅಳೆಯುವ ರೂಢಿಯ ಮಾನದಂಡ. ಧರ್ಮಶ್ರದ್ಧೆಯ ಮೇಲೆ ಕಟ್ಟಿದ ಸೆರೆಮನೆ ಸಮುದಾಯಗಳೂ ತಮ್ಮ ಯಶಸ್ಸನ್ನು ಇದರಿಂದಲೇ ಸಾರಿಕೊಂಡಿವೆ. ಅಮೆರಿಕದ 'ಇನ್ನರ್‌ಚೇಂಜ್' ಯೋಜನೆಯನ್ನು ಮುಂದಿಟ್ಟುಕೊಂಡು ಈ ಲೆಕ್ಕ ಎಲ್ಲಿ ಜಾರುತ್ತದೆ, ಜಾರಿದ ಮೇಲೂ ಉಳಿಯುವುದೇನು ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಪ್ರಯೋಗದ ಬೇರು ಬ್ರೆಜಿಲ್‌ನಲ್ಲಿದೆ. 1972ರಲ್ಲಿ ಸಾವೊ ಜೋಸೆ ದೊಸ್ ಕಾಂಪೊಸ್ ನಗರದಲ್ಲಿ ವಕೀಲ ಮಾರಿಯೊ ಒಟ್ಟೊಬೋನಿ ಮತ್ತು ಅವರ ಕ್ಯಾಥೊಲಿಕ್ ಸಂಗಡಿಗರು 'ಅಪಾಕ್' ಸಂಘವನ್ನು ಆರಂಭಿಸಿದರು. ಅದರ ಮಾದರಿ ಕೇಂದ್ರವೆಂದು ಹೆಸರಾದ ಇತೌನಾದಲ್ಲಿ ಬಂದೂಕು ಹಿಡಿದ ಕಾವಲುಗಾರರಿಲ್ಲ. ಬಾಗಿಲುಗಳ ಕೀಲಿಕೈ ಕೈದಿಗಳ ಬಳಿಯೇ ಇರುತ್ತದೆ. ಅಡುಗೆ, ಕಸಗುಡಿಸುವಿಕೆ, ಶಿಸ್ತಿನ ಉಸ್ತುವಾರಿ ಎಲ್ಲವೂ ಅವರದೇ. ಇಲ್ಲಿಗೆ ಬರುವವರು ಕಿಕ್ಕಿರಿದ ಸಾಮಾನ್ಯ ಜೈಲನ್ನು ಕಂಡವರು, ತಾವಾಗಿ ಬರಲು ಒಪ್ಪಿದವರು. ನಿಯಮ ಮೀರಿದರೆ ಮತ್ತೆ ಅಲ್ಲಿಗೇ ಹೋಗಬೇಕು. ಈ ಭಯಕ್ಕೂ ಪ್ರಾರ್ಥನೆಯಷ್ಟೇ ಬಲವಿದೆ ಎಂದು ನನಗನ್ನಿಸುತ್ತದೆ, ಅಪಾಕ್‌ನ ಅಭಿಮಾನಿಗಳು ಇದನ್ನು ಅಷ್ಟಾಗಿ ಎತ್ತಿ ಹೇಳದಿದ್ದರೂ.

ವಾಟರ್‌ಗೇಟ್ ಹಗರಣದ ಸುಳಿಯಲ್ಲಿ ಸಿಕ್ಕಿ 1974ರಲ್ಲಿ ಜೈಲು ಕಂಡ, ಅಧ್ಯಕ್ಷ ನಿಕ್ಸನ್ನರ ಆಪ್ತ ಚಾರ್ಲ್ಸ್ ಕೋಲ್ಸನ್ 1976ರಲ್ಲಿ 'ಪ್ರಿಸನ್ ಫೆಲೋಶಿಪ್' ಸ್ಥಾಪಿಸಿದರು. ಈ ಸಂಸ್ಥೆಯೇ 1997ರಲ್ಲಿ ಟೆಕ್ಸಾಸ್‌ನ ಕ್ಯಾರಲ್ ವ್ಯಾನ್ಸ್ ಜೈಲಿನಲ್ಲಿ ಇನ್ನರ್‌ಚೇಂಜ್ ಆರಂಭಿಸಿತು. ಆಗ ಅಲ್ಲಿನ ಗವರ್ನರ್ ಜಾರ್ಜ್ ಡಬ್ಲ್ಯು. ಬುಷ್. ಒಳಗಿರುವಾಗ ಬೈಬಲ್ ಅಧ್ಯಯನ ಮತ್ತು ಜೀವನ ಕೌಶಲದ ತರಬೇತಿ, ಹೊರಬಂದ ಮೇಲೆ ಚರ್ಚಿನ ಸ್ವಯಂಸೇವಕರೊಬ್ಬರ ಆಸರೆ: ಯೋಜನೆಯ ಸ್ಥೂಲ ರೂಪ ಇದು.

2003ರಲ್ಲಿ ಬೈರನ್ ಜಾನ್ಸನ್ ಮತ್ತು ಡೇವಿಡ್ ಲಾರ್ಸನ್ ಇದರ ಮೌಲ್ಯಮಾಪನ ಪ್ರಕಟಿಸಿದರು. ಯೋಜನೆಯನ್ನು ಪೂರ್ಣಗೊಳಿಸಿದ 75 ಮಂದಿಯಲ್ಲಿ ಎರಡು ವರ್ಷದೊಳಗೆ ಮರಳಿ ಜೈಲು ಸೇರಿದವರು ಶೇ. 8, ಇದಕ್ಕೆ ಹೋಲಿಸಲು ಆಯ್ದ ಇತರ ಕೈದಿಗಳಲ್ಲಿ ಶೇ. 20.3. ಪ್ರಚಾರ ಸಿಕ್ಕಿದ್ದು ಈ ಅಂತರಕ್ಕೆ. ಆದರೆ ಸೇರಿದವರು 177 ಮಂದಿ. ಅಷ್ಟೂ ಜನರನ್ನು ಲೆಕ್ಕಕ್ಕೆ ಹಿಡಿದರೆ ಮರಳಿದವರು ಶೇ. 24.3, ಅಂದರೆ ಯೋಜನೆಯ ಗಾಳಿಯೂ ಸೋಕದವರಿಗಿಂತ ತುಸು ಹೆಚ್ಚು! ಸಾರ್ವಜನಿಕ ನೀತಿಯ ವಿದ್ವಾಂಸ ಮಾರ್ಕ್ ಕ್ಲೈಮನ್ ಅದೇ ವರ್ಷ ಈ ಕೊರತೆಯನ್ನು ಎತ್ತಿ ತೋರಿಸಿದರು. 'ಪೂರ್ಣಗೊಳಿಸುವುದು' ಎಂಬುದರ ವ್ಯಾಖ್ಯೆಯಲ್ಲೇ ಬಿಡುಗಡೆಯ ನಂತರ ಕೆಲಸದಲ್ಲಿ ನಿಲ್ಲುವ ಮತ್ತು ಚರ್ಚಿನ ನಂಟು ಉಳಿಸಿಕೊಳ್ಳುವ ಷರತ್ತಿತ್ತು. ಹೊರಬಂದ ಕೂಡಲೇ ಎಡವಿದವನು ತಾನಾಗಿಯೇ ಪಟ್ಟಿಯಿಂದ ಹೊರಗುಳಿಯುತ್ತಾನೆ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ತೋರಿಸಲು ಹಿಂದುಳಿದ ಮಕ್ಕಳಿಗೆ ಒಂಬತ್ತರಲ್ಲೇ ಟಿ.ಸಿ. ಕೊಟ್ಟು ಕಳಿಸುವ ಶಾಲೆಯ ಲೆಕ್ಕವಿದು. ಮೂಲ ವರದಿ ಎರಡೂ ಅಂಕಿಗಳನ್ನು ಕೊಟ್ಟಿತ್ತು ಎಂಬುದನ್ನು ಮಾತ್ರ ಮರೆಯಬಾರದು. ಇಷ್ಟು ಸಣ್ಣ ಗುಂಪಿನಲ್ಲಿ ನಾಲ್ಕು ಶೇಕಡಾ ಅಂತರವನ್ನು ನೆಚ್ಚಿ ಯೋಜನೆಯಿಂದ ಕೇಡಾಯಿತು ಎನ್ನುವುದೂ ಸಲ್ಲ.

ಅಯೋವಾ ರಾಜ್ಯದ ಮೊಕದ್ದಮೆ ಇನ್ನೊಂದು ಮಗ್ಗುಲನ್ನು ತೆರೆದಿಟ್ಟಿತು. ಅಲ್ಲಿನ ನ್ಯೂಟನ್ ಜೈಲಿನಲ್ಲಿ 1999ರಲ್ಲಿ ಇನ್ನರ್‌ಚೇಂಜ್‌ಗೆ ಸಿಕ್ಕಿದ್ದು 'ಇ' ವಿಭಾಗ, ಮೊದಲು ಸನ್ನಡತೆಯ ಕೈದಿಗಳಿಗೆ ಮೀಸಲಾಗಿದ್ದ ಜಾಗ. ಕೋಣೆಗಳಿಗೆ ಕಬ್ಬಿಣದ ಸರಳುಗಳ ಬದಲು ಮರದ ಬಾಗಿಲು, ಅದರ ಕೀಲಿಕೈ ಕೈದಿಯ ಹತ್ತಿರ, ಶೌಚಕ್ಕೆ ಮರೆ. ಜೈಲಿನಲ್ಲಿ ಬದುಕಿದವರಿಗೆ ಇವು ಸಣ್ಣ ಸವಲತ್ತುಗಳಲ್ಲ. ಅಲ್ಲಿ ಇರಬೇಕಾದರೆ ಇವ್ಯಾಂಜಲಿಕಲ್ ಕ್ರೈಸ್ತ ಪಾಠಕ್ರಮಕ್ಕೆ ಒಳಪಡಬೇಕಿತ್ತು. ಬೇರೆ ಮತದವರಿಗೆ, ಮತವೇ ಬೇಡವೆನ್ನುವವರಿಗೆ ಸರಿಸಾಟಿಯಾದ ವಿಭಾಗವಿರಲಿಲ್ಲ. ಮೊದಲಿಗೆ ಸರ್ಕಾರದ ಪಾಲಿನ ಹಣ ಬಂದದ್ದು ಕೈದಿಗಳ ದೂರವಾಣಿ ಕರೆಗಳಿಂದ ಕೂಡಿದ ನಿಧಿಯಿಂದ. ಮನೆಗೆ ಫೋನ್ ಮಾಡಿದ ಮುಸ್ಲಿಂ ಕೈದಿಯ ದುಡ್ಡೂ ಅದರಲ್ಲಿ ಸೇರಿತ್ತು ಎನ್ನೋಣ. (ನಮ್ಮ ಸಂವಿಧಾನದ 27ನೆಯ ವಿಧಿಯ ಕಾಳಜಿಯೂ ಇಂಥದ್ದೇ, ಅದು ತೆರಿಗೆಗೆ ಸೀಮಿತವಾಗಿದ್ದರೂ.) 2006ರಲ್ಲಿ ನ್ಯಾಯಾಧೀಶ ರಾಬರ್ಟ್ ಪ್ರಾಟ್ ಈ ಏರ್ಪಾಡು ಸಂವಿಧಾನಬಾಹಿರವೆಂದು ತೀರ್ಪಿತ್ತರು. 2007ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿನ ತಿರುಳನ್ನು ಎತ್ತಿಹಿಡಿದು, ಪಡೆದ ಹಣವನ್ನೆಲ್ಲ ಹಿಂದಿರುಗಿಸುವ ಆದೇಶವನ್ನು ಸಡಿಲಿಸಿತು. 2008ರಲ್ಲಿ ಅಯೋವಾದ ಯೋಜನೆ ನಿಂತಿತು.

ಹಾಗಾದರೆ ಕೆಲಸ ಮಾಡಿದ್ದು ದೇವರೇ, ಕೀಲಿಕೈಯೇ? ಭಾರತದಲ್ಲಿ ಈ ಪ್ರಶ್ನೆ ಬಂದಾಗ ಸಾಮಾನ್ಯವಾಗಿ ಉದಾಹರಿಸುವುದು 1994ರಲ್ಲಿ ತಿಹಾರ್‌ನಲ್ಲಿ ನಡೆದ ವಿಪಶ್ಯನ ಶಿಬಿರವನ್ನು. ಅದು ಹತ್ತು ದಿನದ ಸಾಧನೆ, ಒಟ್ಟಿಗೆ ಬಾಳುವ ಸಮುದಾಯವಲ್ಲ, ಹೋಲಿಕೆ ಕೂಡುವುದಿಲ್ಲ. ಹೆಚ್ಚು ಹತ್ತಿರದ್ದು ಜೈಪುರದ ಸಾಂಗಾನೇರ್‌ನಲ್ಲಿ 1960ರ ದಶಕದಿಂದ ನಡೆದುಬಂದಿರುವ ಬಯಲು ಬಂದೀಖಾನೆ. ಅಲ್ಲಿ ಶಿಕ್ಷಾಬಂದಿಗಳು ಹೆಂಡತಿ ಮಕ್ಕಳೊಂದಿಗೆ ಇರುತ್ತಾರೆ, ಹಗಲು ಹೊರಗೆ ದುಡಿದು ಸಂಜೆ ಹಾಜರಿಗೆ ಬರುತ್ತಾರೆ, ದೈನಂದಿನ ವ್ಯವಹಾರವನ್ನು ತಮ್ಮದೇ ಪಂಚಾಯತಿಯ ಮೂಲಕ ನಡೆಸುತ್ತಾರೆ. ನಂಬಿಕೆ, ಹೊಣೆ, ಹಿಂದಕ್ಕೆ ಕಳಿಸಿಯಾರೆಂಬ ಅಂಜಿಕೆ ಎಲ್ಲವೂ ಇತೌನಾದಂತೆಯೇ. ಕಡ್ಡಾಯದ ಮತಬೋಧೆ ಒಂದಿಲ್ಲ. ಹಾಗೆಂದು ಶ್ರದ್ಧೆ ಬರೀ ಅಲಂಕಾರ ಎನ್ನಲಾರೆ. ವರ್ಷಗಟ್ಟಲೆ ಸಂಬಳವಿಲ್ಲದೆ ಜೈಲಿಗೆ ಬಂದುಹೋಗುವ, ಬಿಡುಗಡೆಯ ದಿನ ಗೇಟಿನ ಹೊರಗೆ ಕಾಯುವ ಜನರನ್ನು ಚರ್ಚುಗಳು ಒದಗಿಸಿದಷ್ಟು ಸುಲಭವಾಗಿ ಸರ್ಕಾರಿ ಇಲಾಖೆ ಒದಗಿಸಿದ್ದನ್ನು ನಾನಂತೂ ಕಾಣೆ.

ಸಾಂಗಾನೇರ್‌ಗೆ ಬರುವವರೂ ಆಯ್ದವರೇ ಎಂಬುದರಿಂದ ಅದರ ಅಂಕಿಗಳನ್ನೂ ಇದೇ ಒರೆಗೆ ಹಚ್ಚಬೇಕು. ಮೊದಲ ದಿನ ಹೆಸರು ಬರೆಸಿದ ಪ್ರತಿಯೊಬ್ಬರನ್ನೂ, ನಡುವೆ ಬಿಟ್ಟವರನ್ನೂ ಹೊರದೂಡಲ್ಪಟ್ಟವರನ್ನೂ ಸೇರಿಸಿ, ಅರ್ಜಿ ಹಾಕಿಯೂ ಜಾಗವಿಲ್ಲದೆ ಸಾಮಾನ್ಯ ಬರಾಕಿನಲ್ಲೇ ಉಳಿದವರೊಂದಿಗೆ ಹೋಲಿಸಿದಾಗ ಮಾತ್ರ ಮತಬೋಧೆಯ ಪಾಲೆಷ್ಟು, ಮರದ ಬಾಗಿಲಿನ ಪಾಲೆಷ್ಟು ಎಂದು ಬಿಡಿಸಿ ನೋಡುವ ಕೆಲಸ ಆರಂಭವಾದೀತು.