ಕೃಷಿಭೂಮಿಯ ಮೇಲಣ ಹಿಮವಾಹನ ಜಾಡುಗಳು

ಉತ್ತರ ಅಮೆರಿಕದ ಹಿಮಪ್ರದೇಶಗಳಲ್ಲಿ, ವಿಶೇಷವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ವಿಸ್ಕಾನ್ಸಿನ್, ಮಿನೆಸೋಟ ರಾಜ್ಯಗಳಲ್ಲಿಯೂ ಕೆನಡದ ಆಂಟೇರಿಯೊ, ಕ್ವಿಬೆಕ್ ಪ್ರಾಂತ್ಯಗಳಲ್ಲಿಯೂ, ಸ್ನೋಮೊಬೈಲ್ ಎಂಬ ಹಿಮವಾಹನದ ಸಂಚಾರಕ್ಕೆಂದು ಖಾಸಗಿ ಹೊಲಗಳ ಮೇಲೆ ಭೂಮಾಲೀಕರ ಸಮ್ಮತಿಯಿಂದ ಚಳಿಗಾಲದ ಕೆಲವು ತಿಂಗಳ ಮಟ್ಟಿಗೆ ತೆರೆಯಲ್ಪಡುವ, ಗುರುತು ನೆಟ್ಟ ಮಾರ್ಗಗಳು. ಭೂಪಟದಲ್ಲಿ ಸಂಖ್ಯೆಯನ್ನೂ ಬಣ್ಣವನ್ನೂ ಪಡೆದು ಶಾಶ್ವತವೆಂಬ ಭ್ರಮೆ ಹುಟ್ಟಿಸುವ ಈ ಜಾಡುಗಳು ವಸ್ತುತಃ ರೈತನ ಒಪ್ಪಿಗೆಯೊಂದರ ಮೇಲೆ ನಿಂತಿರುತ್ತವೆ. ಸಾರ್ವಜನಿಕರಿಗೆ ಇಲ್ಲಿ ಹಕ್ಕೆಂಬುದಿಲ್ಲ, ಇರುವುದು ಹಿಂತೆಗೆದುಕೊಳ್ಳಬಹುದಾದ ಅನುಮತಿ ಮಾತ್ರ.

ವಿಸ್ಕಾನ್ಸಿನ್ ರಾಜ್ಯದ ಸೇನರ್ ಗ್ರಾಮದ ಕಾರ್ಲ್ ಎಲಿಯಾಸನ್ 1924ರಲ್ಲಿಯೇ ಮರದ ಜಾರುಬಂಡಿಗೆ ಎಂಜಿನು ಕೂಡಿಸಿದ್ದನಾದರೂ, ಕ್ವಿಬೆಕ್ಕಿನ ವಾಲ್‌ಕೂರ್ ಊರಿನ ಜೋಸೆಫ್ ಅರ್ಮಾಂ ಬೊಂಬಾರ್ಡಿಯೆ 1959ರಲ್ಲಿ ಸ್ಕಿ-ಡೂ ಎಂಬ ಹಗುರವಾದ ವಾಹನವನ್ನು ಮಾರುಕಟ್ಟೆಗೆ ತಂದ ಮೇಲೆಯೇ ಈ ಯಂತ್ರ ಸಾಮಾನ್ಯರ ವಿನೋದಸಾಧನವಾಯಿತು. ಆರಂಭದ ವರ್ಷಗಳಲ್ಲಿ ಸವಾರರು ಹಿಮ ಕಂಡೆಡೆಯೆಲ್ಲ ಓಡಿಸಿದರು. ಬೇಲಿ ತುಂಡಾದುದು, ಎಳೆಯ ಪೈನ್ ಸಸಿಗಳ ಕುಡಿ ಮುರಿದುದು, ನಡುರಾತ್ರಿ ಎಂಜಿನಿನ ಕರ್ಕಶಕ್ಕೆ ಕೊಟ್ಟಿಗೆಯ ದನಗಳು ಬೆದರಿದುದು, ಇವೆಲ್ಲವೂ ಸೇರಿ ಹಳ್ಳಿಗರಲ್ಲಿ ಅಸಮಾಧಾನ ಮಡುಗಟ್ಟಿದಾಗ, ಸವಾರರೇ ಸಂಘಗಳನ್ನು ಕಟ್ಟಿಕೊಂಡು ಸಂಧಾನಕ್ಕೆ ಮುಂದಾದರು. ವರ್ಮಾಂಟ್ ರಾಜ್ಯದ ಸವಾರರ ಸಂಘ 1967ರಷ್ಟು ಹಿಂದೆಯೇ ಸ್ಥಾಪಿತವಾಯಿತು.

ವಿಸ್ಕಾನ್ಸಿನ್ ರಾಜ್ಯದಲ್ಲಿ ಇಂದು ಇಂತಹ ಜಾಡುಗಳ ಒಟ್ಟು ಉದ್ದ ಸುಮಾರು 25,000 ಮೈಲಿ. ಅದರ ಬಹುಭಾಗ ಖಾಸಗಿ ಭೂಮಿಯ ಮೇಲಿದೆ. ಅಲ್ಲಿಯ ಕಾಯಿದೆಯ ಪ್ರಕಾರ ಮಾಲೀಕನ ಅಥವಾ ಗೇಣಿದಾರನ ಸಮ್ಮತಿಯಿಲ್ಲದೆ ಪರರ ನೆಲದಲ್ಲಿ ಹಿಮವಾಹನ ನಡೆಸುವುದು ಅಪರಾಧ. ಪ್ರವೇಶನಿಷೇಧದ ಫಲಕ ಹಾಕಿಲ್ಲವೆಂಬ ಮಾತ್ರಕ್ಕೆ ಸಮ್ಮತಿ ಇದೆಯೆಂದು ಭಾವಿಸುವಂತಿಲ್ಲ. ಸ್ವೀಡನ್ನಿನಲ್ಲಿಯೂ, ಯಾರ ಕಾಡಿನಲ್ಲಾದರೂ ಕಾಲ್ನಡೆಯಾಗಿ ಅಲೆಯಲು ಅವಕಾಶವೀಯುವ ಪ್ರಾಚೀನ ಸಂಪ್ರದಾಯ ಮೋಟಾರು ವಾಹನಕ್ಕೆ ಅನ್ವಯಿಸದು; ಬೆಳೆಗೆ ಅಥವಾ ಎಳೆಮರಗಳಿಗೆ ಹಾನಿಯ ಸಂಭವವಿರುವ ಹಿಮಾಚ್ಛಾದಿತ ನೆಲದ ಮೇಲೆ ವಾಹನ ನಡೆಸುವುದನ್ನು 1975ರ ಶಾಸನ ನಿಷೇಧಿಸಿದೆ.

ಅನುಮತಿ ನೀಡುವ ರೈತನನ್ನು ಎರಡು ಶಂಕೆಗಳು ಕಾಡುವುದು ಸಹಜ. ಬಹುಕಾಲ ತಡೆಯಿಲ್ಲದೆ ನಡೆದ ದಾರಿ ಕಡೆಗೆ ಹಕ್ಕಿನ ದಾರಿಯಾಗಿಬಿಟ್ಟೀತೆಂಬುದು ಮೊದಲನೆಯದು. ಆದರೆ ಒಡೆಯನ ಒಪ್ಪಿಗೆಯಿಂದ ನಡೆದ ಬಳಕೆ ಎಷ್ಟು ದೀರ್ಘವಾದರೂ ಅದರಿಂದ ಹಕ್ಕು ಹುಟ್ಟದೆಂಬುದು ಆಂಗ್ಲ ನ್ಯಾಯಪದ್ಧತಿಯ ಸ್ಥಾಪಿತ ತತ್ತ್ವವಾದುದರಿಂದ, ಸಂಘದೊಡನೆ ಮಾಡಿಕೊಳ್ಳುವ ಒಂದು ಪುಟದ ಕರಾರುಪತ್ರ, ದಾರಿ ಬಿಟ್ಟುಕೊಟ್ಟಂತೆ ಕಂಡರೂ, ರೈತನ ಒಡೆತನವನ್ನೇ ಕಾಯುತ್ತದೆ. ತನ್ನ ಹೊಲದಲ್ಲಿ ಯಾರಾದರೂ ಬಿದ್ದು ಕೈಕಾಲು ಮುರಿದುಕೊಂಡರೆ ಪರಿಹಾರ ತೆರಬೇಕಾದೀತೆಂಬುದು ಎರಡನೆಯದು. ವಿಸ್ಕಾನ್ಸಿನ್ ರಾಜ್ಯದಲ್ಲಿ 1984ರಲ್ಲಿ ಜಾರಿಗೆ ಬಂದ ವಿಧಿ, ವಿನೋದಾರ್ಥವಾಗಿ ಬಂದವರಿಗಾಗಿ ನೆಲವನ್ನು ನಿರಪಾಯವಾಗಿಡುವ ಹೊಣೆಯನ್ನಾಗಲಿ ಅಪಾಯ ಕುರಿತು ಎಚ್ಚರಿಸುವ ಹೊಣೆಯನ್ನಾಗಲಿ ಭೂಮಾಲೀಕನ ಮೇಲೆ ಹೊರಿಸುವುದಿಲ್ಲ. ದುರುದ್ದೇಶದಿಂದ ಮಾಡಿದ ಕೃತ್ಯಕ್ಕೆ ಈ ರಕ್ಷಣೆ ಸಲ್ಲದು. ಖಾಸಗಿ ಮಾಲೀಕ ಇಂತಹ ಬಳಕೆಯಿಂದ ವರ್ಷಕ್ಕೆ 2,000 ಡಾಲರಿಗಿಂತ ಹೆಚ್ಚು ಹಣ ಸಂಗ್ರಹಿಸಿದರೂ ಸಾಮಾನ್ಯವಾಗಿ ಅದು ತಪ್ಪಿಹೋಗುತ್ತದೆ. ಔದಾರ್ಯಕ್ಕೆ ಕಾನೂನು ತೋರಿದ ಈ ಪಕ್ಷಪಾತ ವಿವೇಕಯುತವಾದುದೇ ಸರಿ.

ಆದರೂ ರೈತನ ನಿಜವಾದ ಚಿಂತೆ ನ್ಯಾಯಾಲಯಕ್ಕಿಂತ ಮಿಗಿಲಾಗಿ ಬೆಳೆಯನ್ನು ಕುರಿತದ್ದು. ಹೈನುಗಾರಿಕೆಯ ಆ ಸೀಮೆಯಲ್ಲಿ ಆಲ್ಫಾಲ್ಫಾ ಎಂಬ ಬಹುವಾರ್ಷಿಕ ಮೇವಿನ ಬೆಳೆ ಚಳಿಗಾಲವಿಡೀ ನೆಲದಲ್ಲಿ ನಿದ್ರಿಸುತ್ತದೆ. ಅದರ ಬುಡದ ಸುತ್ತಣ ಮಣ್ಣಿನ ಉಷ್ಣತೆ ಸುಮಾರು −9° ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಗಿಡ ಸಾಯುವ ಭಯವುಂಟು. ಸಡಿಲವಾಗಿ ಬಿದ್ದ ಹಿಮ ತನ್ನೊಳಗಿನ ಗಾಳಿಯಿಂದಾಗಿ ಕಂಬಳಿಯಂತೆ ಈ ಬೇರುಗಳನ್ನು ಕಾಯುತ್ತದೆ. ವಾಹನಗಳು ತುಳಿದು, ಅದನ್ನು ಸಮಮಾಡುವ ಯಂತ್ರವೂ ಎಳೆದಾಡಿ, ಹಿಮ ಗಟ್ಟಿಯಾದೊಡನೆ ಗಾಳಿ ಹೊರಹೋಗಿ ಚಳಿ ಆಳಕ್ಕಿಳಿಯುತ್ತದೆ. ಮೇಲಾಗಿ ಆ ಪಟ್ಟಿ ವಸಂತದಲ್ಲಿ ತಡವಾಗಿ ಕರಗುತ್ತದೆ, ಕೆಲವೊಮ್ಮೆ ಮಂಜುಗಡ್ಡೆಯ ಹಾಳೆಯಾಗಿ ಗಿಡದ ಉಸಿರನ್ನೇ ಕಟ್ಟುತ್ತದೆ. ಚಳಿಗಾಲದ ಗೋಧಿಗೂ ಇದೇ ಗಂಡಾಂತರ. ಆದುದರಿಂದ ಅನುಭವಸ್ಥ ಸಂಘಗಳು ಜಾಡನ್ನು ಹೊಲದ ನಡುವೆ ಕೊಂಡೊಯ್ಯದೆ ಬೇಲಿಯ ಅಂಚಿನಲ್ಲಿ, ಬದುವಿನ ಮಗ್ಗುಲಲ್ಲಿ, ಇಲ್ಲವೇ ಕಟಾವಾದ ಮೆಕ್ಕೆಜೋಳದ ಕೂಳೆಯ ಮೇಲೆ ಹಾಯಿಸುತ್ತವೆ. ಶರತ್ಕಾಲದ ಮಳೆ ಹಿಡಿದು ಜೋಳ ಇನ್ನೂ ನಿಂತಿದ್ದರೆ, ಎಷ್ಟೇ ಹಿಮ ಸುರಿದಿರಲಿ, ಆ ಭಾಗ ತೆರೆಯುವುದಿಲ್ಲ. ಕೆಳಗಿನ ಮಣ್ಣು ಹೆಪ್ಪುಗಟ್ಟದಿದ್ದರೂ ಹಾಗೆಯೇ.

ಗುರುತಿಗೆ ನೆಟ್ಟ ಕಡ್ಡಿಗಳ ವಿಷಯ ಕ್ಷುಲ್ಲಕವೆಂದು ತೋರಬಹುದು, ಆದರೆ ಒಪ್ಪಂದಗಳು ಮುರಿದುಬೀಳುವುದು ಅನೇಕ ವೇಳೆ ಇಲ್ಲಿಯೇ. ಹಿಮ ಕರಗಿದ ಮೇಲೆ ಕೀಳದೆ ಬಿಟ್ಟ ಗೂಟವಾಗಲಿ ತಂತಿಯ ತುಂಡಾಗಲಿ ಬೇಸಗೆಯಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿದರೆ ಅಲಗು ಮುರಿಯುತ್ತದೆ, ಮೇವಿನೊಡನೆ ಹಸುವಿನ ಹೊಟ್ಟೆ ಸೇರಿದರೆ ಹಸುವೇ ಹೋಗುತ್ತದೆ. ಸಂಘದವರು ಇಳಿಮಾಗಿಯಲ್ಲಿ ಮನೆಮನೆಗೆ ಹೋಗಿ ಅನುಮತಿ ನವೀಕರಿಸಿಕೊಳ್ಳುವಾಗ ರೈತ ಮೊದಲು ನೆನಪಿಸುವುದು ಇಂತಹುದನ್ನೇ.

ವೆಚ್ಚವನ್ನು ಬಹುಮಟ್ಟಿಗೆ ಸವಾರರೇ ಭರಿಸುತ್ತಾರೆ. ನೋಂದಣಿ ಶುಲ್ಕದ ಜೊತೆಗೆ, ಪ್ರತಿ ನೋಂದಾಯಿತ ವಾಹನವೂ ವರ್ಷಕ್ಕೆ 50 ಗ್ಯಾಲನ್ ಪೆಟ್ರೋಲ್ ಸುಡುವುದೆಂಬ ಲೆಕ್ಕವನ್ನಾಧರಿಸಿ ಇಂಧನ ತೆರಿಗೆಯ ಒಂದಂಶವನ್ನು ವಿಸ್ಕಾನ್ಸಿನ್ ಸರಕಾರ ಜಾಡುಗಳ ನಿರ್ವಹಣೆಗೆ ಮೀಸಲಿಡುತ್ತದೆ. ಈ ಹಣ ಜಿಲ್ಲಾಡಳಿತದ ಮೂಲಕ ಸಂಘಗಳನ್ನು ಸೇರುತ್ತದೆ. ಸೇತುವೆ ಕಟ್ಟುವುದು, ಪೊದೆ ಸವರುವುದು ಮುಂತಾದ ದುಡಿಮೆ ಸ್ವಯಂಸೇವಕರದು.

ಒಬ್ಬ ರೈತ ಅನುಮತಿ ಹಿಂತೆಗೆದುಕೊಂಡರೆ ಕಡಿಯುವುದು ಅವನ ಹೊಲದಷ್ಟು ದೂರವಲ್ಲ, ಎರಡು ಊರುಗಳ ಸಂಪರ್ಕವೇ. ನೆರೆಯವನನ್ನು ಒಪ್ಪಿಸಬೇಕು, ಇಲ್ಲವೇ ರಸ್ತೆಬದಿಯ ಹಳ್ಳದಲ್ಲಿ ದಾರಿ ಹುಡುಕಬೇಕು. ಕಾರಣ ಬಹಳ ಸಲ ಗುರುತಿನಾಚೆ ಹಾರಿ ಎಳೆಬೆಳೆ ತುಳಿದ ಯಾವನೋ ಅಪರಿಚಿತ ಸವಾರ. ಕೆಲವೊಮ್ಮೆ ಭೂಮಿ ಕೈಬದಲಾಗಿ ಹೊಸ ಒಡೆಯನಿಗೆ ಹಳೆಯ ಸ್ನೇಹದ ಹಂಗಿಲ್ಲದಿರುವುದು. ಚಳಿಗಾಲದ ಪ್ರವಾಸಿಗರನ್ನು ನಂಬಿದ ಹೋಟೆಲುಗಳಿಗೂ ಪೆಟ್ರೋಲ್ ಬಂಕುಗಳಿಗೂ ಇದರಿಂದ ಒದಗುವ ನಷ್ಟ ಅಲ್ಪವಲ್ಲವಾದುದರಿಂದ, ಈ ಅನುಮತಿ ರಾಜಕೀಯದ ಆಯುಧವಾಗಿಯೂ ಬಳಕೆಯಾಗಿದೆ: ಕ್ವಿಬೆಕ್ಕಿನ ಕೃಷಿ ಉತ್ಪಾದಕರ ಒಕ್ಕೂಟ 2016ರ ಕೊನೆಯಲ್ಲಿ, ಕೃಷಿಭೂಮಿಯ ತೆರಿಗೆ ರಿಯಾಯಿತಿಯನ್ನು ಸರಕಾರ ಮಾರ್ಪಡಿಸಹೊರಟುದನ್ನು ಪ್ರತಿಭಟಿಸಿ, ಹಿಮವಾಹನಗಳಿಗೆ ಹೊಲದ ದಾರಿಯನ್ನು ಮುಚ್ಚುವಂತೆ ತನ್ನ ಸದಸ್ಯರಿಗೆ ಕರೆ ನೀಡಿತು.