ಇಂದ್ರಜಾಲಕ್ಕೆ ಅಂಕಿತವುಂಟೆ?

ವಚನಕ್ಕೂ ಕೀರ್ತನೆಗೂ ಅಂಕಿತವುಂಟು. ಹಾಡುವವರು ಯಾರೇ ಆಗಲಿ, ಕೂಡಲಸಂಗಮದೇವನ ಹೆಸರು ಬಂದೊಡನೆ ಅದು ಬಸವಣ್ಣನವರದೆಂದೂ, ಪುರಂದರವಿಠಲನೆಂದೊಡನೆ ಪುರಂದರದಾಸರದೆಂದೂ ನಾವು ಅರಿಯುತ್ತೇವೆ. ಕೈಚಳಕದ ವಿದ್ಯೆಗೆ ಈ ಭಾಗ್ಯವಿಲ್ಲ. ಜಾತ್ರೆಯಲ್ಲಿ ಗಾರುಡಿಗನ ಆಟಕ್ಕೆ ಬೆರಗಾಗುವ ನಾವು, ಅದನ್ನು ಮೊದಲು ಕಲ್ಪಿಸಿದವನಾರೆಂದು ಕೇಳುವುದಿಲ್ಲ.

ಈ ವಿದ್ಯೆ ಬಹು ಪುರಾತನವಾದುದು. ಶ್ರೀ ಶಂಕರಾಚಾರ್ಯರು ತಮ್ಮ ಬ್ರಹ್ಮಸೂತ್ರಭಾಷ್ಯದಲ್ಲಿ, ಕತ್ತಿ ಗುರಾಣಿಗಳನ್ನು ಹಿಡಿದು ದಾರದ ಮೇಲೆ ಆಕಾಶಕ್ಕೇರುವಂತೆ ತೋರುವ ಮಾಯಾವಿಯನ್ನೂ, ನೆಲದ ಮೇಲೆಯೇ ನಿಂತಿರುವ ನಿಜವಾದ ಮಾಯಾವಿಯನ್ನೂ ದೃಷ್ಟಾಂತವಾಗಿ ಹೇಳಿದ್ದಾರೆ. ರೋಮಿನ ತತ್ತ್ವಜ್ಞಾನಿ ಸೆನೆಕನು 1ನೆಯ ಶತಮಾನದಲ್ಲಿಯೇ ಬಟ್ಟಲು ಹರಳುಗಳ ಆಟವನ್ನು ಪ್ರಸ್ತಾಪಿಸಿ, ಗುಟ್ಟು ತಿಳಿದರೆ ಅದರಲ್ಲಿ ತನಗೆ ಆಸಕ್ತಿಯೇ ಉಳಿಯದೆಂದು ಬರೆದನು. ಗುಟ್ಟೇ ಈ ಕಲೆಯ ಜೀವ; ಅದನ್ನು ಕಾಯುವುದೇ ಇದರ ಕಷ್ಟ.

ಮನುಷ್ಯರನ್ನು ಗರಗಸದಿಂದ ಎರಡಾಗಿ ಕೊಯ್ಯುವ ಆಟದ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. 1921ರ ಜನವರಿ 17ರಂದು ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಎಂಪೈರ್ ರಂಗಮಂದಿರದಲ್ಲಿ ಪಿ. ಟಿ. ಸೆಲ್ಬಿಟ್ ಎಂಬಾತನು ಯುವತಿಯೊಬ್ಬಳನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಆಕೆಗೆ ಕಟ್ಟಿದ ಹಗ್ಗಗಳ ತುದಿಗಳನ್ನು ಪ್ರೇಕ್ಷಕರ ಕೈಗೆ ಕೊಟ್ಟು, ಪೆಟ್ಟಿಗೆಯ ನಡುವೆ ಗರಗಸವಾಡಿಸಿದನು. ಅದೇ ವರ್ಷದ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಹೊರೇಸ್ ಗೋಲ್ಡಿನ್ನನು ಇಂತಹುದೇ ಆಟವನ್ನು ತೋರಿಸಿದನು. ಕಲ್ಪನೆ ಬಹು ಹಿಂದಿನಿಂದಲೂ ತನ್ನದೇ ಎಂದು ಅವನ ವಾದ. ಸೆಲ್ಬಿಟ್ಟನು ಅಮೆರಿಕೆಯನ್ನು ಮುಟ್ಟುವ ವೇಳೆಗೆ ಗೋಲ್ಡಿನ್ನನ ಪ್ರದರ್ಶನಗಳು ಅಲ್ಲಿ ಆಗಲೇ ಹಬ್ಬಿದ್ದವು. ಮೊದಲು ರಂಗಕ್ಕೆ ತಂದವನು ಅಲ್ಲಿ ಎರಡನೆಯವನೆನಿಸಿದನು!

ಗೋಲ್ಡಿನ್ನನಿಗೂ ನೆಮ್ಮದಿ ದೊರೆಯಲಿಲ್ಲ. ಅನುಕರಿಸುವವರನ್ನು ತಡೆಯಲು ಅವನು 1923ರಲ್ಲಿ ಅಮೆರಿಕೆಯ ಪೇಟೆಂಟನ್ನು ಪಡೆದನು. ಆದರೆ ಪೇಟೆಂಟಿನ ನಿಯಮವೇನು? ಹಕ್ಕನ್ನು ಬೇಡುವವನು ಯಂತ್ರದ ರಚನೆಯನ್ನು ಚಿತ್ರ ಸಮೇತ ವಿವರಿಸಬೇಕು. ಆ ಪತ್ರವನ್ನು ಯಾರು ಬೇಕಾದರೂ ಓದಬಹುದು. ಕಳ್ಳನಿಗೆ ಹೆದರಿದವನು ಬೀಗದ ಕೈಯನ್ನು ಚಾವಡಿಯಲ್ಲಿ ತೂಗುಹಾಕಿದಂತಾಯಿತು. 1933ರಲ್ಲಿ ಸಿಗರೇಟು ಕಂಪನಿಯೊಂದು ತನ್ನ ಜಾಹೀರಾತಿನಲ್ಲಿ ಈ ಗುಟ್ಟನ್ನು ಬಯಲುಮಾಡಿತು. ಗೋಲ್ಡಿನ್ನನು ದಾವೆ ಹೂಡಿದನು. 1938ರಲ್ಲಿ ನ್ಯಾಯಾಲಯವು ಅದನ್ನು ವಜಾಮಾಡಿತು. ತಾನೇ ಬಹಿರಂಗಪಡಿಸಿದ್ದನ್ನು ರಹಸ್ಯವೆನ್ನಲು ಅವನಿಗೆ ದಾರಿಯಿರಲಿಲ್ಲ.

ಅಷ್ಟರಲ್ಲಿ ಅವನು ಪೆಟ್ಟಿಗೆಯನ್ನೇ ಬಿಟ್ಟು, ತಿರುಗುವ ಚಕ್ರಗರಗಸದ ಹೊಸ ಆಟವನ್ನು ಕಟ್ಟಿದ್ದನು. ಆ ಬಗೆಯ ಆಟವನ್ನೇ ನಮ್ಮ ದೇಶದ ಪಿ. ಸಿ. ಸರ್ಕಾರರು 1956ರ ಏಪ್ರಿಲ್ 9ರಂದು ಬಿ.ಬಿ.ಸಿ. ದೂರದರ್ಶನದಲ್ಲಿ ತೋರಿಸಿದರು. ಯುವತಿ ಮರಳಿ ಏಳುವ ಮೊದಲೇ ಕಾರ್ಯಕ್ರಮದ ವೇಳೆ ಮುಗಿಯಲು, ಆಕೆ ಸತ್ತಳೆಂದೇ ಗಾಬರಿಗೊಂಡ ಜನರು ಬಿ.ಬಿ.ಸಿ.ಗೆ ಒಂದೇ ಸಮನೆ ದೂರವಾಣಿ ಕರೆಗಳನ್ನು ಮಾಡಿದರು. ಗುಟ್ಟು ಅಚ್ಚಾಗಿ ದಶಕಗಳೇ ಕಳೆದಿದ್ದರೂ ಬೆರಗು ಸಾಯಲಿಲ್ಲ. ಪ್ರದರ್ಶಿಸುವವನ ಪ್ರತಿಭೆ ಅದಕ್ಕೆ ಮರುಜೀವ ಕೊಟ್ಟಿತು.

ಕಾನೂನು ಸಂಪೂರ್ಣವಾಗಿ ಕೈಬಿಟ್ಟಿತೆಂದು ಹೇಳಲಾಗದು. ಟೆಲ್ಲರ್ ಎಂಬ ಅಮೆರಿಕೆಯ ಮಾಂತ್ರಿಕರು, ಗುಲಾಬಿಯ ನೆರಳನ್ನು ಚೂರಿಯಿಂದ ಕೊಯ್ದರೆ ನಿಜವಾದ ಗುಲಾಬಿಯ ದಳಗಳು ಉದುರುವ ತಮ್ಮ ಆಟವನ್ನು 1983ರಲ್ಲಿ ಮೂಕಾಭಿನಯದ ಕೃತಿಯಾಗಿ ನೋಂದಾಯಿಸಿದ್ದರು. ಅದನ್ನು ನಕಲು ಮಾಡಿದವನ ಮೇಲಿನ ದಾವೆಯಲ್ಲಿ 2014ರಲ್ಲಿ ತೀರ್ಪು ಅವರ ಪರವಾಯಿತು. ತಂತ್ರಕ್ಕೆ ಕೃತಿಸ್ವಾಮ್ಯವಿಲ್ಲ, ಅಭಿನಯದ ರೂಪಕ್ಕೆ ಉಂಟೆಂದು ನ್ಯಾಯಾಲಯವು ಬಗೆದಿತ್ತು.

ಹಾಗಾದರೆ ಒಳಗಿನ ತಂತ್ರವನ್ನು ಕಾಯುವವರಾರು? ಅದೇ ವೃತ್ತಿಯವರ ಮರ್ಯಾದೆಯೊಂದೇ. ಕಲಿತುದನ್ನು ಕಲಿಸಿದವರ ಹೆಸರಿನೊಡನೆ ಹೇಳುವುದು, ಕೇಳದೆ ಕೊಳ್ಳದಿರುವುದು: ಈ ಶೀಲವುಳ್ಳ ಕಲಾವಿದನ ನಾಲಗೆಯೇ ಇಂದ್ರಜಾಲದ ಅಂಕಿತ. ಹಾಡು, ಕಥೆ, ಕಸುಬು ಯಾವುದೇ ಆಗಲಿ, ಹಿರಿಯರಿಂದ ಪಡೆದುದನ್ನು ಮಕ್ಕಳಿಗೆ ದಾಟಿಸುವ ನಮ್ಮೆಲ್ಲರಿಗೂ ಈ ಮಾತು ಸಲ್ಲುತ್ತದೆ.