ಪದ ಪರಿಚಯ: ನಿಯೋಜನೆ

ನಿಯೋಜನೆ

ಸಂಸ್ಕೃತದ ‘ಯುಜ್’ ಧಾತುವಿಗೆ ‘ನಿ’ ಉಪಸರ್ಗ ಸೇರಿ ಹುಟ್ಟಿದ ಈ ಶಬ್ದಕ್ಕೆ ಕಾರ್ಯದಲ್ಲಿ ತೊಡಗಿಸುವುದೆಂಬುದೇ ಪ್ರಾಚೀನಾರ್ಥ. ನಿಯೋಗ, ನಿಯುಕ್ತ, ನಿಯೋಗಿಗಳು ಇದರ ಬಂಧುಗಳು. ಬನದ ಹುಣ್ಣಿಮೆಯ ಜಾತ್ರೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಪೊಲೀಸರ ನಿಯೋಜನೆಯಾಯಿತೆಂಬ ವಾರ್ತೆಯನ್ನೋದುವ ರಾಮದುರ್ಗದವರಿಗೆ ಸ್ಫುರಿಸುವುದೂ ಅದುವೆ. ನೆರೆಯ ಮರಾಠಿಯಲ್ಲಾದರೋ ‘ನಿಯೋಜನ’ವೆಂದರೆ ಮುಂದಾಗಿ ಯೋಜನೆ ಹಾಕುವುದು, ಗಡಿಸೀಮೆಯ ಲೇಖಕರು ಈ ಭೇದವನ್ನು ಮರೆಯಲಾಗದು.

ಇಂದು ತಂತ್ರಾಂಶಜ್ಞರ ‘ಡಿಪ್ಲಾಯ್‌ಮೆಂಟ್’ಗೂ ಈ ಶಬ್ದವೇ ಸಲ್ಲುತ್ತಿದೆ: ಬರೆದ ಕೋಡನ್ನು, 2011ರಲ್ಲಿ ಜೆಂಕಿನ್ಸ್ ಎಂದು ನಾಮಕರಣಗೊಂಡ ಸಾಧನದಂಥವು ತಾವಾಗಿಯೇ ಕಟ್ಟಿ, ಪರೀಕ್ಷಿಸಿ, ತೇರ್ಗಡೆಯಾದುದನ್ನು ಮಾತ್ರ ದೂರದ ಕ್ಲೌಡ್ ಸರ್ವರುಗಳಿಗೆ ಕಳುಹಿ ಬಳಕೆದಾರರ ಸೇವೆಗೆ ತೊಡಗಿಸುವ ಕ್ರಮವದು. ಇದನ್ನು ಕೆಲವರು ‘ಸ್ಥಾಪನೆ’ಯೆನ್ನುವುದು ಸಲ್ಲದು, ಸ್ಥಾಪನೆ ಇನ್‌ಸ್ಟಾಲ್ ಮಾಡುವುದಕ್ಕೆ ಮೀಸಲಿರಲಿ. ಬೈಲಹೊಂಗಲ, ಕಿತ್ತೂರುಗಳ ಆಡುನುಡಿಯ ‘ಕೆಲಸಕ್ಕ ಹಚ್ಚೂದು’ ಎಂಬ ಮಾತು ನಿಯೋಜನೆಯ ಅರ್ಥಕ್ಕೆ ಅತ್ಯಂತ ಸಮೀಪವಾದುದೆಂದು ನನ್ನ ಭಾವನೆ.